ಬಾಗಿಲಲ್ಲಿ ನಿಂತವಳ ಮಾತು

ನನ್ನ ಹತ್ತಿರ ಒಂದು ಬಿಸ್ಕತ್ತಿನ ಡಬ್ಬಿ ಇದೆ. ತಗಡಿನದು, ಮುಚ್ಚಳದ ಬಣ್ಣ ಹೋಗಿದೆ. ಅದರ ತುಂಬ ಪತ್ರಿಕೆಗಳಿಂದ ಕತ್ತರಿಸಿದ ತುಣುಕುಗಳು. ಮುಖಪುಟದ ಸುದ್ದಿ ಒಂದೂ ಇಲ್ಲ. ಮಂತ್ರಿಗಳು ಏನಂದರು, ಯಾವ ರಸ್ತೆಗೆ ಗುದ್ದಲಿ ಪೂಜೆ ಆಯಿತು, ಅದೆಲ್ಲ ನನಗೆ ಬೇಡ. ಒಳಪುಟದ ಮೂಲೆಯಲ್ಲಿ, ಜಾಹೀರಾತಿನ ಕೆಳಗೆ, ಮೂರು ನಾಲ್ಕು ಸಾಲಿನಲ್ಲಿ ಬಂದು ಮರುದಿನ ಯಾರಿಗೂ ನೆನಪಿರದ ಸುದ್ದಿಗಳು ಮಾತ್ರ. ಜಮಖಂಡಿಯ ಒಂದು ಕಾಲೇಜಿನ ಗ್ರಂಥಾಲಯದಲ್ಲಿ ಕೆಲಸ ಮಾಡುವವಳಿಗೆ ಹಳೆಯ ಪತ್ರಿಕೆಗೇನು ಬರ? ರದ್ದಿಗೆ ಹಾಕುವ ಮುಂಚೆ ಕತ್ತರಿ ಹಿಡಿದು ಕೂರುತ್ತಿದ್ದೆ.

ಕಬ್ಬು ಕಡಿಯುತ್ತ ಹೋದಾಗ ಹೊಲದ ನಟ್ಟನಡುವಿನ ಕೊನೆಯ ಸಾಲುಗಳಲ್ಲಿ ಮಲಗಿದ್ದ ಮೊಸಳೆ. ನದಿಯಿಂದ ಅಷ್ಟು ದೂರ ಅದು ಯಾವ ದಾರಿಯಲ್ಲಿ ಬಂತೆಂದು ಯಾರೂ ನೋಡಿಲ್ಲ. ಸರಕಾರದ ದಾಖಲೆಯಲ್ಲಿ ಸತ್ತುಹೋಗಿದ್ದ ಮುದುಕನೊಬ್ಬ, ತಾನಿನ್ನೂ ಬದುಕಿದ್ದೇನೆಂದು ಅರ್ಜಿ ಬರೆದುಕೊಂಡು ಕಚೇರಿಯಿಂದ ಕಚೇರಿಗೆ ಅಲೆದದ್ದು. ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಎದ್ದು ಕಂಡ ಬಸ್ ತಂಗುದಾಣ, ಅದರ ಗೋಡೆಯ ಮೇಲೆ ಇನ್ನೂ ಓದಲು ಬರುವ ಬಸ್ಸುಗಳ ವೇಳಾಪಟ್ಟಿ. ಇಂಥವು. ದೆವ್ವ ಭೂತ ನಂಬುವವಳಲ್ಲ ನಾನು. ಅಮಾವಾಸ್ಯೆಗೆ ಬಾಗಿಲಿಗೆ ಲಿಂಬೆಹಣ್ಣು ಕಟ್ಟುವವರನ್ನು ಕಂಡರೆ ಹಣ್ಣು ದಂಡ ಆಯಿತಲ್ಲ ಎಂದು ಸಿಟ್ಟು ಬರುತ್ತದೆ. ಆದರೆ ನಿಜವಾಗಿ ನಡೆದದ್ದನ್ನು ಓದುವಾಗ ಮಾತ್ರ ಕುತ್ತಿಗೆಯ ಹಿಂದೆ ತಣ್ಣಗಾಗುತ್ತಿತ್ತು.

ಕಾಲೇಜಿನ ಕಂಪ್ಯೂಟರ್ ಕೋಣೆ ನೋಡಿಕೊಳ್ಳುವ ಹುಡುಗ ಒಂದು ದಿನ ಡಬ್ಬಿ ನೋಡಿದ. ನನಗಿಂತ ಹದಿನೈದು ವರ್ಷ ಚಿಕ್ಕವನು, ಧಾರವಾಡದ ಹಾಸ್ಟೆಲ್ಲಿನಲ್ಲಿ ಓದಿದವನು.

"ಅಕ್ಕಾರ, ಇವನ್ನೆಲ್ಲಾ ಇಟ್ಕೊಂಡು ಏನ್ ಮಾಡ್ತೀರಿ?"

"ಮಾಡೂದೇನೈತಿ, ಓದತೇನಿ."

"ಇವುದ್ರಾಗ ಆಟ ಆಡಬೌದ್ರಿ. ಹಾಸ್ಟೆಲ್ದಾಗ ನಾವು ಆಡತಿದ್ವಿ. ಇಂಥಾ ಸಾಮಾನು ನಮ್ಮ ಕಡೆ ಇರಲಿಲ್ಲ ಅಷ್ಟ."

ಅವನು ಹೇಳಿಕೊಟ್ಟ ಆಟದಲ್ಲಿ ಹಲಗೆ ಇಲ್ಲ, ಇಸ್ಪೀಟು ಇಲ್ಲ, ಗೆಲ್ಲುವವರೂ ಇಲ್ಲ. ಒಬ್ಬರು ಕಥೆ ನಡೆಸುತ್ತಾರೆ. ಉಳಿದವರು ಅದರೊಳಗೆ ಒಬ್ಬೊಬ್ಬ ಮನುಷ್ಯರಾಗಿ ಹೊಕ್ಕು, ಈಗ ನಾನು ಬಾಗಿಲು ತೆಗೆಯುತ್ತೇನೆ, ಈಗ ನಾನು ಓಡುತ್ತೇನೆ ಎಂದು ಹೇಳುತ್ತ ಹೋಗುತ್ತಾರೆ. ಅದು ಸಾಧ್ಯವಾಯಿತೋ ಇಲ್ಲವೋ ದಾಳ ಹೇಳುತ್ತದೆ. ನಾಟಕ ಅನ್ನಿ, ಆದರೆ ನೋಡುವವರಿಲ್ಲ, ಬರೆದಿಟ್ಟ ಮಾತೂ ಇಲ್ಲ. ನಲವತ್ತು ದಾಟಿದ ಹೆಂಗಸು ಇಂಥದ್ದಕ್ಕೆ ಕೂರುವುದೇ ಎಂದು ಒಂದು ವಾರ ನಕ್ಕೆ. ಎರಡನೆಯ ವಾರ ಕೂತೆ. ಮೂರನೆಯ ವಾರದಿಂದ ಕಥೆ ನಡೆಸುವವಳು ನಾನೇ ಆದೆ.

ನಮ್ಮ ನಿಯಮಗಳು ಎರಡೇ. ಕಥೆ ಹುಟ್ಟುವುದು ಡಬ್ಬಿಯೊಳಗೆ ಎಲ್ಲಕ್ಕಿಂತ ಮೇಲಿರುವ ತುಣುಕಿನಿಂದ. ಅದು ನಿಜವಾಗಿ ನಡೆದದ್ದಾಗಿರಬೇಕು, ನಾವು ಕಟ್ಟಿದ್ದಲ್ಲ. ಎರಡನೆಯದು ಕವಡೆಯದು. ದಾಳದ ಬದಲು ನಮ್ಮಜ್ಜಿಯ ಆರು ಕವಡೆ ಬಳಸುತ್ತಿದ್ದೆವು. ಆರೂ ಬಾಯಿ ಮೇಲಾಗಿ ಬಿದ್ದರೆ ಎದುರಿಗಿರುವ ಪಾತ್ರ, ಅದು ಯಾರೇ ಇರಲಿ, ಕೇಳಿದ ಪ್ರಶ್ನೆಗೆ ಖರೆ ಹೇಳಲೇಬೇಕು. ಆರು ಬೀಳದಿದ್ದರೆ ಸುಳ್ಳು ಹೇಳಬಹುದು.

ಆಡುತ್ತಿದ್ದದ್ದು ಬನಹಟ್ಟಿಯಲ್ಲಿ, ನಮ್ಮ ಮನೆಯ ಹಿಂದಿನ ಮಗ್ಗದ ಶೆಡ್ಡಿನಲ್ಲಿ, ರವಿವಾರ ಮಧ್ಯಾಹ್ನ. ಗಂಡನ ಮನೆ ಬಿಟ್ಟು ಬಂದ ಮೇಲೆ ನಾನೂ ಅಪ್ಪನೂ ಇಬ್ಬರೇ. ಯಾಕೆ ಬಿಟ್ಟು ಬಂದೆ ಎಂಬುದು ಬೇರೆ ಕಥೆ, ಅದನ್ನು ಕೇಳುವವರ ಮುಖಕ್ಕೆ ಬಾಗಿಲು ಹಾಕಿದ್ದೇನೆ. ಅಪ್ಪನ ಎರಡು ಕರೆಂಟಿನ ಮಗ್ಗಗಳನ್ನು ಎರಡು ವರ್ಷದ ಹಿಂದೆ ಮಾರಿದೆವು. ಅವು ನಿಂತ ಜಾಗದಲ್ಲಿ ನೆಲಕ್ಕೆ ಹಾಕಿದ ಬೋಲ್ಟುಗಳೂ ಎಣ್ಣೆಯ ಕಲೆಗಳೂ ಉಳಿದಿವೆ. ಆ ಕಲೆಗಳ ನಡುವೆ ಚಾಪೆ ಹಾಸಿ ನಾವು ನಾಲ್ವರು ಕೂರುತ್ತಿದ್ದೆವು. ನಾನು, ಕಂಪ್ಯೂಟರ್ ಹುಡುಗ, ಮುಧೋಳದಿಂದ ಸ್ಕೂಟಿಯಲ್ಲಿ ಬರುವ ನನ್ನ ಗೆಳತಿ, ಗಲಗಲಿಯವನೊಬ್ಬ. ಗೆಳತಿ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಾಳೆ. ಗಲಗಲಿಯವನು ಸಕ್ಕರೆ ಕಾರ್ಖಾನೆಯೊಂದರ ಪ್ರಯೋಗಾಲಯದಲ್ಲಿದ್ದಾನೆ, ಮಾತು ಕಡಿಮೆ.

ಬಸ್ ತಂಗುದಾಣದ ತುಣುಕು ಮೇಲೆ ಬಂದ ರವಿವಾರ ಆಟ ನಿಜವಾಗಿ ಹಿಡಿಯಿತು. ಹಿನ್ನೀರು ಇಳಿದಿದೆ, ಸುತ್ತ ಒಡೆದ ಕೆಸರು, ನೀವು ಮೂವರು ತಂಗುದಾಣದಲ್ಲಿ ಕೂತಿದ್ದೀರಿ, ಗೋಡೆಯ ಪಟ್ಟಿಯಲ್ಲಿರುವ ಮೂರೂವರೆಯ ಬಸ್ಸಿಗೆ ಇನ್ನು ಐದು ನಿಮಿಷ ಇದೆ ಎಂದೆ. ಅಷ್ಟೇ ಹೇಳಿದ್ದು. ಗೆಳತಿ ಪಟ್ಟಿಯನ್ನು ಒರೆಸುತ್ತೇನೆ ಎಂದಳು. ಹುಡುಗ ರಸ್ತೆ ಎಲ್ಲಿದೆ ನೋಡುತ್ತೇನೆ ಎಂದ. ಗಲಗಲಿಯವನು ಚಾಪೆಯ ಅಂಚು ಮಡಚುತ್ತ ಕೂತ.

"ಬಸ್ ಬಂತಂದ್ರ ನಾ ಹತ್ತಂಗಿಲ್ರಿ," ಅಂದ ಕೊನೆಗೆ.

"ಯಾಕ?"

"ಅದ್ರಾಗ ನಮ್ಮಜ್ಜ ಕುಂತಿರತಾನ. ಜಾಗಾ ಹಿಡದಿಟ್ಟಿರತಾನ ನನಗ."

ಅವನು ಆಟಕ್ಕೆ ಹೇಳಿದನೋ ಮನಸ್ಸಿನಿಂದ ಹೇಳಿದನೋ ಗೊತ್ತಾಗಲಿಲ್ಲ. ಅವರ ಹಳೆಯ ಓಣಿ ನೀರಿನಡಿ ಇದೆ ಎಂದು ನಮಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಗೆಳತಿ ಕವಡೆ ಎತ್ತಿ ಮಡಿಲಲ್ಲಿ ಇಟ್ಟುಕೊಂಡಳು. ಆ ದಿನ ಬಸ್ ಬರಲಿಲ್ಲ, ಬರಲು ನಾನು ಬಿಡಲಿಲ್ಲ.

ಈಗ ಅಪ್ಪನ ವಿಷಯಕ್ಕೆ ಬರಬೇಕು. ಶೆಡ್ಡಿನ ಮೂಲೆಯಲ್ಲಿ ಒಂದು ಮಂಚ ಹಾಕಿಸಿಕೊಂಡಿದ್ದ. ಆಡುವಾಗ ಅಲ್ಲೇ ಗೋಡೆಗೊರಗಿ ಕೂರುತ್ತಿದ್ದ. ಐವತ್ತು ವರ್ಷ ಮಗ್ಗದ ಸದ್ದಿನಲ್ಲಿ ನಿಂತು ಕಿವಿ ಹೋಗಿವೆ. ನಮ್ಮಲ್ಲಿ ಇದು ಅಂಥ ದೊಡ್ಡ ಮಾತಲ್ಲ. ಮಗ್ಗಗಳು ನಡೆಯುವಾಗ ಪಕ್ಕದಲ್ಲಿ ನಿಂತವರು ಕೂಗಿದರೂ ಕೇಳುವುದಿಲ್ಲ. ಅದಕ್ಕೆ ನೇಕಾರರು ತುಟಿ ಓದುತ್ತಾರೆ, ಕೈಯಿಂದ ಉತ್ತರ ಕೊಡುತ್ತಾರೆ. ಹೆಬ್ಬೆರಳು ತೋರುಬೆರಳು ತಿಕ್ಕಿದರೆ ಎಳೆ ಹರಿಯಿತು. ಅಂಗೈ ಎತ್ತಿ ಎದುರಿಗೆ ಹಿಡಿದರೆ ನಿಲ್ಲು, ಆಮೇಲೆ ಬರುತ್ತೇನೆ. ಇನ್ನೊಂದು ಕಟ್ಟುನಿಟ್ಟು ಇದೆ. ನಡೆಯುತ್ತಿರುವ ಮಗ್ಗವನ್ನು ಬೇರೆಯವರು ಮುಟ್ಟುವುದಿಲ್ಲ, ಮಗ್ಗದ ಮುಂದೆ ನಿಂತವನ ಭುಜ ಹಿಡಿದು ಕರೆಯುವುದಿಲ್ಲ. ನೇಯುವ ನಡುವೆ ಮಗ್ಗ ನಿಂತರೆ ಬಟ್ಟೆಗೆ ಅಡ್ಡ ಗೆರೆ ಬೀಳುತ್ತದೆ, ಆ ಗೆರೆ ಎಷ್ಟು ತೊಳೆದರೂ ಹೋಗುವುದಿಲ್ಲ. ಹೇಳುವುದಿದ್ದವರು ಬಾಗಿಲಲ್ಲಿ ನಿಂತು, ಅವನ ಕಣ್ಣು ತಮ್ಮ ಕಡೆ ಬರುವವರೆಗೆ ಕಾಯಬೇಕು. ಅವ್ವ ಹಾಗೆ ನಿಂತದ್ದನ್ನು ನೋಡುತ್ತಲೇ ನಾನು ಬೆಳೆದೆ.

ಮಗ್ಗ ಹೋದರೂ ಅಪ್ಪನ ಕಣ್ಣಿನ ಅಭ್ಯಾಸ ಹೋಗಿರಲಿಲ್ಲ. ಪಕ್ಕದ ಶೆಡ್ಡುಗಳ ಸದ್ದಿನಲ್ಲಿ ನಾವು ತಲೆಗೆ ತಲೆ ತಾಗುವಷ್ಟು ಬಗ್ಗಿ ಮಾತಾಡಿದರೆ, ದೂರದ ಮಂಚದಲ್ಲಿ ಕೂತವನಿಗೆ ಎಲ್ಲ ತಿಳಿಯುತ್ತಿತ್ತು. ಒಮ್ಮೆ ಊಟಕ್ಕೆ ಕೂತಾಗ ಕೇಳಿದ.

"ನೀವು ನಾಕ ಮಂದಿ. ಆ ಐದನೇದಾಕಿ ಯಾರು?"

"ಯಾವಾಕಿ?"

"ನೀ ಮಾತಾಡತಿರತಿ. ಒಮ್ಮಿಂದೊಮ್ಮಿ ಆ ಬಾಯಿ ನಿಂದ ಇರಂಗಿಲ್ಲ. ಬ್ಯಾರೇದಾಕಿ ಬಂದು ಮಾತಾಡ್ತಾಳ."

ಪಾತ್ರಗಳ ಮಾತು ಆಡುವಾಗ ನಾನು ಬಾಯಿ ತಿರುವುತ್ತೇನೆ, ಅದನ್ನು ಹೇಳುತ್ತಿದ್ದಾನೆ ಎಂದುಕೊಂಡು ಸುಮ್ಮನಾದೆ. ಆದರೆ ಆ ರಾತ್ರಿ ಕನ್ನಡಿ ನೋಡುವಾಗ ಮುಖ ಎತ್ತಲು ಸ್ವಲ್ಪ ತಡವಾಯಿತು.

ಮುಂದಿನ ರವಿವಾರದ ತುಣುಕು ಹತ್ತಿ ಮಿಲ್ಲಿನದು. ಎಲ್ಲೋ ಒಂದು ಊರಿನಲ್ಲಿ ಮುಚ್ಚಿಹೋದ ಜಿನ್ನಿಂಗ್ ಮಿಲ್ಲು. ಮಧ್ಯಾಹ್ನದ ಹೊತ್ತು ಅದರ ಬಾಗಿಲಲ್ಲಿ ಹೆಂಗಸೊಬ್ಬಳು ನಿಂತಿರುತ್ತಾಳೆಂದು ಜನ ಆ ದಾರಿ ಬಿಟ್ಟಿದ್ದರು. ಪೊಲೀಸರು ಹೋಗಿ ನೋಡಿದರೆ ಬಾಗಿಲಿಗೆ ಒಣಹಾಕಿದ ಒಂದು ಸೀರೆ. ಭೂತವಲ್ಲ, ಸೀರೆ ಎಂದು ಪತ್ರಿಕೆಯವರು ನಗುತ್ತ ಬರೆದಿದ್ದರು. ಮುಚ್ಚಿದ ಮಿಲ್ಲಿಗೆ ಹೋಗಿ ಸೀರೆ ಒಣಹಾಕಿದವರು ಯಾರು ಎಂದು ಮಾತ್ರ ಬರೆದಿರಲಿಲ್ಲ. ನಾನು ಅದನ್ನೇ ಹಿಡಿದೆ.

"ನೀವು ಮೂವರೂ ಮಿಲ್ಲಿನ ಒಳಗಿದ್ದೀರಿ," ಎಂದೆ. "ಯಂತ್ರಗಳು ತಾವಾಗೇ ನಡೆಯುತ್ತಿವೆ. ಬಾಗಿಲಲ್ಲಿ ಅವಳು ನಿಂತಿದ್ದಾಳೆ. ಏನೋ ಹೇಳುತ್ತಿದ್ದಾಳೆ, ಸದ್ದಿನಲ್ಲಿ ಕೇಳುವುದಿಲ್ಲ. ಏನೆಂದು ತಿಳಿಯದೆ ನೀವು ಹೊರಗೆ ಹೋಗುವಂತಿಲ್ಲ."

ಎದ್ದುಹೋಗಿ ಶೆಡ್ಡಿನ ಬಾಗಿಲಲ್ಲಿ ನಿಂತೆ. ದನಿ ತೆಗೆಯದೆ ಬರೀ ತುಟಿ ಆಡಿಸಿದೆ. ಬಾಯಿಗೆ ಬಂದದ್ದನ್ನು ಆಡಿಸಿದೆ ಎಂದೇ ನನ್ನ ಲೆಕ್ಕ. ಆಡುವವರು ಮುಂದೆ ಬಗ್ಗಿ ನೋಡುತ್ತಿದ್ದರು, ಹುಡುಗ ನಗು ತಡೆದುಕೊಂಡಿದ್ದ. ಅವರ ತಲೆಗಳ ಮೇಲಿಂದ ನನಗೆ ಮಂಚ ಕಂಡಿತು. ಅಪ್ಪ ಗೋಡೆ ಬಿಟ್ಟು ನೆಟ್ಟಗೆ ಕೂತಿದ್ದ. ಅವನ ಬಲಗೈ ನಿಧಾನವಾಗಿ ಎದ್ದಿತು. ಅಂಗೈ ನನ್ನ ಕಡೆ. ನಿಲ್ಲು, ಆಮೇಲೆ.

ಯಾರಿಗೂ ಅದು ಕಾಣಲಿಲ್ಲ, ಎಲ್ಲರ ಬೆನ್ನು ಅವನ ಕಡೆ ಇತ್ತು. ತಲೆ ನೋಯುತ್ತಿದೆ ಎಂದು ಸುಳ್ಳು ಹೇಳಿ ಆಟ ನಿಲ್ಲಿಸಿದೆ.

ಸಂಜೆ ಪಾತ್ರೆ ತೊಳೆಯುತ್ತ, ಬಾಗಿಲಲ್ಲಿ ನಿಂತಾಗ ನನ್ನ ತುಟಿ ಏನು ಆಡಿತ್ತೆಂದು ನೆನಪು ಮಾಡಿಕೊಂಡೆ. ನೆನಪಿಗೆ ಬರಲಿಲ್ಲ. ಮತ್ತೆ ಹಾಗೇ ನಿಂತು, ಸೆರಗು ಹಾಗೇ ಹಿಡಿದು, ದನಿಯಿಲ್ಲದೆ ತುಟಿ ಆಡಿಸಿ ನೋಡಿದೆ. ಆಗ ಬಂತು. "ತಂತಿ ಜುಮ್ ಅನ್ನಾಕತ್ತೇತ್ರಿ."

ಅದು ಅವ್ವನ ಮಾತು. ಅವ್ವ ಸತ್ತ ದಿನದ್ದು.

ನಾನಾಗ ಪಿಯುಸಿ ಎರಡನೆಯ ವರ್ಷ. ಬೆಳಿಗ್ಗೆ ತಲೆಗೆ ನೀರು ಹಾಕಿಕೊಂಡು ಬಂದು ಟಾವೆಲ್ ಹಾಕಲು ಅಂಗಳದ ತಂತಿಗೆ ಕೈ ಚಾಚಿದೆ. ತಂತಿಯ ಒಂದು ತುದಿ ಶೆಡ್ಡಿನ ಕಬ್ಬಿಣದ ಕಂಬಕ್ಕೆ ಕಟ್ಟಿತ್ತು. ಬೆರಳ ತುದಿಯಲ್ಲಿ ಇರುವೆ ಹರಿದಂತಾಯಿತು, ಕೈ ಹಿಂದೆ ತೆಗೆದುಕೊಂಡೆ. "ಯವ್ವಾ, ತಂತಿ ಜುಮ್ ಅನ್ನಾಕತ್ತೇತಿ ನೋಡ," ಎಂದೆ. ಅವ್ವ ಬಟ್ಟೆ ಹಿಂಡುತ್ತಿದ್ದಳು. "ಹೋಗಿ ನಿಮ್ಮಪ್ಪಗ ಹೇಳಿ ಬಾ," ಅಂದಳು. "ನೀನ ಹೇಳ. ನನಗ ಬಸ್ ತಪ್ಪತೈತಿ," ಅಂದೆ. ಹಾಗೇ ಅಂದೆ, ಸಿಡುಕಿ. ಅವ್ವ ಕೈ ಒರೆಸಿಕೊಂಡು ಶೆಡ್ಡಿನ ಬಾಗಿಲಿಗೆ ಹೋಗಿ ನಿಂತಳು. ನಾನು ಕಿಟಕಿಯ ಹತ್ತಿರ ಜಡೆ ಹಾಕಿಕೊಳ್ಳುತ್ತಿದ್ದೆ, ಅವಳ ಬೆನ್ನು ಕಾಣುತ್ತಿತ್ತು. ಸ್ವಲ್ಪ ಹೊತ್ತಿಗೆ ತಿರುಗಿ ಬಂದಳು. "ಕೈ ಮಾಡಿದ್ರು. ಆಮ್ಯಾಲ ಅಂತ," ಅಂದಳು. ನಾನು ಚೀಲ ಹೆಗಲಿಗೆ ಹಾಕಿಕೊಂಡು ಹೊರಟೆ. ಕಾಲೇಜಿಗೆ ಸೋದರಮಾವ ಬಂದು ಕರೆದುಕೊಂಡು ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಹಿಂಡಿದ ಬಟ್ಟೆ ಬಕೆಟ್ಟಿನಲ್ಲಿತ್ತು. ಅದನ್ನು ತಂತಿಗೆ ಹಾಕುವುದು ಅವ್ವನ ಕೈಗೆ ಅಭ್ಯಾಸವಾಗಿತ್ತು. ಅವಳು ಮರೆತಳೋ, ಹುಡುಗಿ ಏನೋ ಹೇಳುತ್ತಾಳೆ ಎಂದು ಬಿಟ್ಟಳೋ, ನನಗೆ ಗೊತ್ತಿಲ್ಲ. ಶೆಡ್ಡಿನ ಕಿಟಕಿಯ ಹತ್ತಿರ ವೈರಿನ ಹೊದಿಕೆ ಸವೆದು ಕಂಬಕ್ಕೆ ತಾಗಿತ್ತು ಎಂದು ಆಮೇಲೆ ಗೊತ್ತಾಯಿತು. ಮರುದಿನ ಪತ್ರಿಕೆಯಲ್ಲಿ ಮೂರು ಸಾಲು ಬಂತು. ವಿದ್ಯುತ್ ತಗುಲಿ ಗೃಹಿಣಿ ಸಾವು. ವಯಸ್ಸು ತಪ್ಪು ಹಾಕಿದ್ದರು. ನಾನು ಕತ್ತರಿಸಿಟ್ಟ ಮೊದಲ ತುಣುಕು ಅದು. ಡಬ್ಬಿಯ ತಳಕ್ಕೆ ಹಾಕಿದ ಕಾಗದದ ಕೆಳಗೆ ಇರುತ್ತದೆ, ಆಟಕ್ಕೆ ಬರುವುದಿಲ್ಲ.

ಅವ್ವ ಬಾಗಿಲಿಗೆ ಹೋದದ್ದನ್ನು ನಾನು ನೋಡಿದ್ದೇನೆಂದು ಅಪ್ಪನಿಗೆ ಗೊತ್ತಿರಲಿಲ್ಲ. ಅಷ್ಟರಲ್ಲಿ ನಾನು ಬಸ್ಸಿಗೆ ಹೋಗಿದ್ದೆ ಎಂದೇ ಎಲ್ಲರೂ ತಿಳಿದಿದ್ದರು, ನಾನೂ ಹಾಗೇ ಇರಲಿ ಎಂದು ಬಿಟ್ಟೆ. ಅವಳು ಏನು ಹೇಳಲು ಬಂದಿದ್ದಳೆಂದು ಅಪ್ಪನಿಗೆ ತಿಳಿದಿರಲಿಕ್ಕಿಲ್ಲ, ತುಟಿ ಪೂರ್ತಿ ನೋಡದೆಯೇ ಕೈ ಮಾಡಿರಬೇಕು ಎಂಬುದು ನನ್ನ ನಂಬಿಕೆ. ತಿಳಿದರೆ ಅವನು ಉಳಿಯುವುದಿಲ್ಲ ಎಂಬ ಹೆದರಿಕೆ. ಇಪ್ಪತ್ತಾರು ವರ್ಷ ಆ ಮಾತನ್ನು ನಾನು ಬಾಯೊಳಗೆ ಇಟ್ಟುಕೊಂಡಿದ್ದೆ. ಈಗ ನನಗೆ ನಲವತ್ಮೂರು, ಸತ್ತಾಗ ಅವ್ವನಿಗೆ ಇದ್ದಷ್ಟೇ. ಮುಖವೂ ಅವಳದೇ ಆಗಿದೆ ಎಂದು ಓಣಿಯ ಮುದುಕಿಯರು ಹೇಳುತ್ತಿದ್ದರು. ನಾನು ಆಟದ ಹೆಸರಿನಲ್ಲಿ ಆ ಮುಖ ಹೊತ್ತುಕೊಂಡು, ಅದೇ ಬಾಗಿಲಲ್ಲಿ ನಿಂತು, ಅದೇ ಮಾತನ್ನು ಆಡಿಬಿಟ್ಟಿದ್ದೆ.

ಆ ವಾರವೆಲ್ಲ ಅಪ್ಪ ಒಂದೇ ಮಾತು ಕೇಳಿದ.

"ಮಿಲ್ಲಿನ ಬಾಗಿಲದಾಕಿ ಈ ರವಿವಾರ ಬರತಾಳೇನು?"

"ಇಲ್ಲಪಾ. ಆ ಆಟ ಮುಗೀತು."

"ಮುಗದಿಲ್ಲ," ಅಂದ. "ಆಕಿ ಏನಂದ್ಳು ಅನ್ನೂದು ನಿಮ್ಮವ್ರಿಗೆ ತಿಳೀಲಿಲ್ಲಲ್ಲ."

ರವಿವಾರ ಬೆಳಿಗ್ಗೆ ಗಡ್ಡ ಬೋಳಿಸಿಕೊಂಡ. ಮದುವೆ ಮನೆಗೆ ಹೋಗುವಾಗ ಉಡುವ ಧೋತರ ಉಟ್ಟ. ಫೋನು ಮಾಡಿ ಮೂವರಿಗೂ ಬರಬೇಡಿರೆಂದು ಹೇಳಬೇಕೆಂದು ಎರಡು ಸಲ ಫೋನು ಎತ್ತಿದೆ, ಎರಡು ಸಲ ಕೆಳಗಿಟ್ಟೆ. ಹೆದರಿಕೆ ಇತ್ತು. ಆದರೆ ಆ ಹೆದರಿಕೆಯ ಒಳಗೆ, ನಾಚಿಕೆಯಿಲ್ಲದೆ ಹೇಳುತ್ತೇನೆ, ಇನ್ನೊಮ್ಮೆ ಆ ಬಾಗಿಲಲ್ಲಿ ನಿಲ್ಲಬೇಕೆಂಬ ಆಸೆಯೂ ಇತ್ತು.

ಮಧ್ಯಾಹ್ನ ಎಲ್ಲರೂ ಕೂತರು. ಅಪ್ಪ ಮಂಚದಿಂದ ಇಳಿದು ಬಂದು ಚಾಪೆಯ ಮೇಲೆ, ನನ್ನ ಎದುರಿಗೆ ಕೂತ. ಹುಡುಗನಿಗೆ ಖುಷಿಯೋ ಖುಷಿ.

"ಅಜ್ಜಾರು ಇವತ್ತ ಆಡ್ತಾರಂತ? ಛಲೋ ಆತಲ್ರಿ."

ಡಬ್ಬಿ ತೆಗೆದು ಮೇಲಿನ ತುಣುಕನ್ನು ಹುಡುಗನೇ ಎತ್ತಿದ. ಹಳದಿಯಾದ, ಮಡಿಕೆಯಲ್ಲಿ ಹರಿದ ತುಣುಕು. ನನ್ನ ಕಣ್ಣಿಗೆ ಅದರ ಅಂಚು ಬಿದ್ದದ್ದೇ ಕಸಿದುಕೊಳ್ಳಲು ಕೈ ಚಾಚಿದೆ. ಅವನು ಓದತೊಡಗಿದ್ದ. ವಿದ್ಯುತ್ ತಗುಲಿ ಗೃಹಿಣಿ ಸಾವು. ಬಟ್ಟೆ ಒಣಹಾಕಲು ಹೋದ ಬನಹಟ್ಟಿಯ ಗೃಹಿಣಿ... ಅಲ್ಲಿಗೆ ನಿಲ್ಲಿಸಿದ. ಓಣಿಯ ಹೆಸರು ಮುಂದಿನ ಸಾಲಿನಲ್ಲಿತ್ತು. ಅವನು ತಲೆ ಎತ್ತಿ ನನ್ನನ್ನು ನೋಡಿದ.

"ಅಕ್ಕಾರ, ಇದನ್ನ ನೀವು ಮ್ಯಾಲ ಇಟ್ಟೀರೇನ್ರಿ?"

ನಾನು ಇಟ್ಟಿರಲಿಲ್ಲ. ತಳದ ಕಾಗದದ ಕೆಳಗಿದ್ದದ್ದು ತಾನಾಗಿ ಮೇಲೆ ಬರುವುದಿಲ್ಲ. ನಾನು ಅಪ್ಪನನ್ನು ನೋಡಿದೆ.

"ನಾ ಇಟ್ಟೇನಿ," ಅಂದ ಅಪ್ಪ.

ಗೆಳತಿ ನನ್ನ ಮೊಣಕೈ ಹಿಡಿದು, "ನಾವು ಹೋಗತೇವ ಬಿಡ. ಇದು ಮನಿ ಮಾತು," ಎಂದಳು. ನನಗೆ ಆಗ ನಾಚಿಕೆಯಾಯಿತು. ಒಂದು ವರ್ಷದಿಂದ ನಾವು ಆಡಿದ್ದೆಲ್ಲ ಯಾರದೋ ಮನೆಯ ಮಾತೇ ಆಗಿತ್ತು. ಆ ದಾಖಲೆಯಲ್ಲಿ ಸತ್ತ ಮುದುಕನಿಗೂ ಮಗಳಿರಬಹುದು, ಆ ಸೀರೆಯನ್ನೂ ಯಾರೋ ಉಟ್ಟಿದ್ದರು. ಅಪ್ಪ ಅಂಗೈ ನೆಲಕ್ಕೆ ತಟ್ಟಿ ಎಲ್ಲರಿಗೂ ಕೂರಲು ಹೇಳಿದ. ಕೂತರು.

"ಆಕಿನ್ನ ನಾ ಒಂದ ಮಾತ ಕೇಳಬೇಕಾಗೈತಿ. ಬಾಗಿಲಕ ಹೋಗವಾ," ಅಂದ ನನಗೆ.

ಹೋಗಿ ನಿಂತೆ. ಆ ಹೊತ್ತಿಗೇ ಕರೆಂಟು ಹೋಯಿತು. ಬನಹಟ್ಟಿಯಲ್ಲಿ ಕರೆಂಟು ಹೋದರೆ ಬೆಳಕು ಹೋದದ್ದು ಯಾರಿಗೂ ಗೊತ್ತಾಗುವುದಿಲ್ಲ, ಸದ್ದು ಹೋದದ್ದು ಗೊತ್ತಾಗುತ್ತದೆ. ಇಡೀ ಓಣಿಯ ಮಗ್ಗಗಳು ಒಟ್ಟಿಗೆ ನಿಂತವು. ಬೀದಿಯಲ್ಲಿ ಯಾರೋ ಕೆಮ್ಮಿದ್ದು ಕಿವಿಯ ಪಕ್ಕದಲ್ಲಿ ಕೆಮ್ಮಿದಂತೆ ಕೇಳಿತು. ಅಪ್ಪನಿಗೆ ಮಾತ್ರ ಎಲ್ಲ ಒಂದೇ.

ಅವನು ಕವಡೆ ಅಲ್ಲಾಡಿಸಿ ಹಾಕಿದ. ನಾಲ್ಕು ಬಾಯಿ ಮೇಲೆ, ಎರಡು ಕೆಳಗೆ. ಆರು ಬಿದ್ದಿರಲಿಲ್ಲ. ಅಂದರೆ ನಾನು ಸುಳ್ಳು ಹೇಳಬಹುದು.

"ಅವತ್ತ ಬಾಗಿಲದಾಗ ನಿಂತು ಏನಂದಿ?" ಅಪ್ಪ ಕೇಳಿದ. ನನ್ನನ್ನು ಕೇಳಲಿಲ್ಲ. ನನ್ನ ಮುಖವನ್ನು ಕೇಳಿದ.

ವಾರದಿಂದ ಸಿದ್ಧ ಮಾಡಿಟ್ಟ ಸುಳ್ಳಿತ್ತು. ದನಿಯಿಲ್ಲದೆ ಆಡಿಸಿದೆ. "ಮಧ್ಯಾಹ್ನಕ್ಕ ಏನ್ ಪಲ್ಯಾ ಮಾಡ್ಲ್ರಿ ಅಂತ ಕೇಳಾಕ ಬಂದಿದ್ನಿ."

ಅಪ್ಪ ನಕ್ಕ, ಬೇಸರದಿಂದ. "ಆಕಿ ಅದನ್ನ ಎಂದೂ ನನ್ನ ಕೇಳಿದಾಕಿ ಅಲ್ಲ. ಮಾಡಿದ್ದ ಹಾಕತಿದ್ಳು, ಹಾಕಿದ್ದ ತಿಂತಿದ್ನಿ."

ಆಮೇಲೆ ಕೈ ಚಾಚಿ, ಕೆಳಮೊಗವಾಗಿದ್ದ ಎರಡು ಕವಡೆಗಳನ್ನು ಬೆರಳಿನಿಂದ ಒಂದೊಂದಾಗಿ ಮಗುಚಿಟ್ಟ. ಆರೂ ಬಾಯಿ ಮೇಲಾದವು. ಯಾರೂ ಇದು ನಿಯಮವಲ್ಲ ಎನ್ನಲಿಲ್ಲ.

ನನ್ನ ತುಟಿ ತಾನಾಗಿ ಆಡಿತು. "ತಂತಿ ಜುಮ್ ಅನ್ನಾಕತ್ತೇತ್ರಿ. ಬಂದು ನೋಡ್ರಿ."

ಅಪ್ಪ ತಲೆಯಾಡಿಸಿದ. ಬಹಳ ಹೊತ್ತು ಆಡಿಸಿದ. ಅವನು ಬೀಳುತ್ತಾನೆ, ಎದೆ ಹಿಡಿದುಕೊಳ್ಳುತ್ತಾನೆ ಎಂದು ನಾನು ಕಾಯುತ್ತಿದ್ದೆ. ಅಂಥದ್ದೇನೂ ಆಗಲಿಲ್ಲ.

"ನನಗ ಅವತ್ತ ತಿಳದಿತ್ತವಾ," ಅಂದ. "ತುಟಿ ಓದಾಕ ನನಗ ಬರೂದಿಲ್ಲೇನು? ತಂತಿ ಅಂದ್ಳು, ಜುಮ್ ಅಂದ್ಳು, ಬಂದು ನೋಡ್ರಿ ಅಂದ್ಳು. ಎಲ್ಲಾ ತಿಳೀತು. ಸೀರಿ ಮುಗಿಯಾಕ ಇನ್ನೊಂದ ಗೇಣ ಇತ್ತು. ನಡುವ ನಿಂದರಿಸಿದ್ರ ಗೆರಿ ಬೀಳತೈತಿ ಅಂತ ಕೈ ಮಾಡಿದ್ನಿ. ಗೇಣ ಮುಗಿಸಿ, ಮಗ್ಗ ನಿಂದರಿಸಿ, ಹೊರಗ ಬಂದ್ನಿ."

ಅಪ್ಪ ಮನೆಯ ಕಡೆ ಕೈ ತೋರಿಸಿದ.

"ಆ ಸೀರಿ ಪೆಟಿಗ್ಯಾಗ ಐತಿ. ನೋಡ ಬೇಕಾದ್ರ. ಒಂದ ಗೆರಿನೂ ಬಿದ್ದಿಲ್ಲ."

ನನ್ನ ದನಿ ಈಗ ಹೊರಗೆ ಬಂತು. "ಗೊತ್ತಿದ್ರ ಮತ್ಯಾಕ ಕೇಳ್ದಿ ಅಪ್ಪಾ?"

"ಆಕಿನ್ನ ಕೇಳಲಿಲ್ಲ. ನಿನಗ ಗೊತ್ತೈತೇನು ಅಂತ ಕೇಳಿದ್ನಿ. ಹ್ವಾದ ವಾರ ನಿನ್ನ ತುಟಿ ಮ್ಯಾಲ ಅದ ಮಾತ ಬಂತು. ಅದನ್ನ ಆಕಿ ಹೇಳಿದ್ದು ನೋಡಿದಾವ ನಾ ಒಬ್ಬನ ಅಂತ ತಿಳದಿದ್ನಿ." ಕವಡೆಗಳನ್ನು ಕೂಡಿಸಿ ಮುಷ್ಟಿಯಲ್ಲಿ ಹಿಡಿದ. "ಗೊತ್ತಿದ್ದೂ ಇಷ್ಟ ವರ್ಷ ನನಗ ರೊಟ್ಟಿ ಬಡದ ಹಾಕಿದೇನವಾ?"

ಅವನು ನನ್ನನ್ನು ಹೊಗಳುತ್ತಿದ್ದ. ಅದನ್ನು ತಡೆದುಕೊಳ್ಳಲು ನನ್ನಿಂದ ಆಗಲಿಲ್ಲ. ಬಾಯಿ ತೆರೆದೆ. ಇನ್ನು ಮಾತು ಸಾಕು ಎಂಬಂತೆ ಅವನ ಕೈ ಎದ್ದಿತು. ಅಂಗೈ ನನ್ನ ಕಡೆ. ಈ ಜಾಗದಲ್ಲೇ ನಿಂತು, ಆ ಅಂಗೈ ನೋಡಿ, ಅವ್ವ ತಿರುಗಿ ಹೋಗಿದ್ದಳು.

ನಾನು ಹೋಗಲಿಲ್ಲ. ಬಾಗಿಲು ಬಿಟ್ಟು, ಎಣ್ಣೆಯ ಕಲೆಗಳನ್ನು ದಾಟಿ ಹೋಗಿ, ಅವನ ಎದುರು ಮೊಣಕಾಲೂರಿ ಕೂತೆ. ಎತ್ತಿದ ಕೈಯನ್ನು ಹಿಡಿದು ಕೆಳಗಿಳಿಸಿದೆ. ಹೊರಗಿನ ಬೆಳಕು ಮುಖದ ಮೇಲೆ ಬೀಳುವಂತೆ ತಿರುಗಿ, ಒಂದೊಂದೇ ಮಾತನ್ನು ಬಿಡಿಸಿ ಹೇಳಿದೆ.

"ಅಪ್ಪಾ, ಆ ತಂತಿ ಮೊದಲ ಮುಟ್ಟಿದಾಕಿ ನಾನು. ಹೋಗಿ ನಿಮ್ಮಪ್ಪಗ ಹೇಳಿ ಬಾ ಅಂತ ಅವ್ವ ನನಗ ಹೇಳಿದ್ಳು. ಬಸ್ ತಪ್ಪತೈತಿ ಅಂತ ನಾ ಬರಲಿಲ್ಲ."

ಅಪ್ಪ ನನ್ನ ತುಟಿಗಳನ್ನೇ ನೋಡುತ್ತಿದ್ದ, ಮಾತು ಮುಗಿದ ಮೇಲೂ. ಅಷ್ಟರಲ್ಲಿ ಕರೆಂಟು ಬಂತು. ಪಕ್ಕದ ಶೆಡ್ಡಿನಲ್ಲಿ ಒಂದು ಮಗ್ಗ, ಆಚೆ ಇನ್ನೊಂದು, ಆಮೇಲೆ ಇಡೀ ಓಣಿ. ಅವನು ಏನೋ ಅಂದ, ಸದ್ದಿನಲ್ಲಿ ಕೇಳಲಿಲ್ಲ. ಆದರೆ ನಾನು ನೇಕಾರರ ಮಗಳು, ನನಗೂ ತುಟಿ ಓದಲು ಬರುತ್ತದೆ.

"ನಿನಗಾಗ ಹದಿನೇಳ ವರ್ಷವಾ," ಅಂದಿದ್ದ.

ಅವನಿಗಾಗ ನಲವತ್ತೆಂಟು. ಅವನಿಗೆ ತಿರುಗಿ ಹೇಳಲು ಅಂಥ ಮಾತೊಂದು ನನ್ನ ಹತ್ತಿರ ಇರಲಿಲ್ಲ.